ಒಲೆಯಿಂದ ಪಾತ್ರೆಗೆ ಬರುವಷ್ಟರಲ್ಲಿ

ಬಿಸಿನೀರಿನ ವಿಷಯದಲ್ಲಿ ನಮ್ಮ ಜನರ ಲಕ್ಷ್ಯವೆಲ್ಲ ಒಲೆಯ ಮೇಲೆಯೇ ಇರುತ್ತದೆ. ಸೌದೆ ಹಸಿಯೋ ಒಣಗಿದುದೋ, ಉರಿ ಪಾತ್ರೆಯ ತಳಕ್ಕೆ ತಾಗುತ್ತಿದೆಯೋ ಪಕ್ಕಕ್ಕೆ ಹಾಯುತ್ತಿದೆಯೋ, ಗ್ಯಾಸಿನ ಸಿಲಿಂಡರು ಈ ಸಲ ಎಷ್ಟು ದಿನ ಬಂದಿತು, ಇವನ್ನು ವಿಚಾರಿಸದ ಮನೆಯಿಲ್ಲ. ನೀರು ಒಮ್ಮೆ ಕುದಿಯಿತೆಂದರೆ ವಿಚಾರವೆಲ್ಲ ಮುಗಿಯಿತು. ಆದರೆ ಕುದಿದ ನೀರು ಒಲೆಯ ಮೇಲೆಯೇ ಉಪಯೋಗಕ್ಕೆ ಬರುವುದು ಅಪೂರ್ವ. ಹಂಡೆಯಿಂದ ಬಕೆಟ್ಟಿಗೆ, ಬೋಗುಣಿಯಿಂದ ಲೋಟಕ್ಕೆ, ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಅದನ್ನು ಹೊಯ್ಯುತ್ತೇವೆ, ಎತ್ತಿಕೊಂಡು ಹೋಗುತ್ತೇವೆ, ಇಳಿಸಿ ಇಡುತ್ತೇವೆ. ಈ ಸ್ವಲ್ಪ ಹೊತ್ತಿನ ಪಯಣದಲ್ಲಿ ಎಷ್ಟು ಶಾಖ ಕೈಬಿಟ್ಟು ಹೋಯಿತೆಂಬ ಲೆಕ್ಕವನ್ನು ಇಟ್ಟವರಿಲ್ಲ.

ಪ್ರೌಢಶಾಲೆಯ ಪಠ್ಯಪುಸ್ತಕಗಳೂ ಈ ಉದಾಸೀನಕ್ಕೆ ನೀರೆರೆಯುತ್ತವೆಯೆಂದು ನಮಗೆ ತೋರುತ್ತದೆ. ಶಾಖದ ಅಧ್ಯಾಯದ ಕೊನೆಯಲ್ಲಿ ಬರುವ ಲೆಕ್ಕಗಳನ್ನು ನಮ್ಮ ತರುಣ ವಾಚಕರು ನೆನೆಯಲಿ. ಇಷ್ಟು ಗ್ರಾಮು ಬಿಸಿನೀರನ್ನು ಇಷ್ಟು ಗ್ರಾಮು ತಣ್ಣೀರಿಗೆ ಬೆರೆಸಿದರೆ ಮಿಶ್ರಣದ ಉಷ್ಣತೆ ಎಷ್ಟು ಎಂದು ಕೇಳಿ, ಹೊರಕ್ಕೆ ಹೋದ ಶಾಖವನ್ನು ಗಣಿಸಬೇಕಾದುದಿಲ್ಲವೆಂದು ಕಂಸದಲ್ಲಿ ಸೇರಿಸಿರುತ್ತಾರೆ. ಲೆಕ್ಕ ಕಲಿಯುವುದಕ್ಕೆ ಈ ಸೌಲಭ್ಯ ಬೇಕು, ಒಪ್ಪಿದೆವು. ಆದರೆ ವಿದ್ಯಾರ್ಥಿಯು ಶಾಲೆ ಬಿಡುವ ಹೊತ್ತಿಗೂ ಆ ಕಂಸ ಬಿಡಿಸದೆಯೇ ಉಳಿದರೆ, ಮನೆಯಲ್ಲಿ ದಿನವೂ ನಡೆಯುವ ಭೌತಶಾಸ್ತ್ರದ ಬಹುಭಾಗ ಅವನಿಗೆ ಕಾಣದೆಯೇ ಹೋಗುತ್ತದೆ. ಗಣಿಸಬೇಕಾದುದಿಲ್ಲವೆಂದು ಬಿಟ್ಟ ಆ ಶಾಖವನ್ನೇ ಗಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಬಿಸಿನೀರನ್ನು ಉದಾಹರಣೆಗೆ ತೆಗೆದುಕೊಂಡು ಇದನ್ನು ವಿವರಿಸುತ್ತೇವೆ. ತೋಟ, ಗದ್ದೆ, ಮಲೆನಾಡಿನ ಸೆರಗು, ಬಯಲುಸೀಮೆ ಎಲ್ಲವೂ ಈ ನಾಲ್ಕರಲ್ಲಿ ಒಟ್ಟಿಗೆ ಸಿಕ್ಕುತ್ತವೆ.

ಮೊದಲು ಒಂದು ಸಣ್ಣ ಸಂಗತಿ. ಈ ಊರುಗಳು ಸಮುದ್ರಮಟ್ಟದಿಂದ ಸುಮಾರು ಐದುನೂರರಿಂದ ಏಳುನೂರು ಮೀಟರು ಎತ್ತರದಲ್ಲಿವೆ. ಅಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ ನೀರು 100 ಡಿಗ್ರಿ ಸೆಲ್ಸಿಯಸಿಗೆ ಬದಲಾಗಿ ಸುಮಾರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಪುಸ್ತಕದ ನೂರು ಡಿಗ್ರಿಯಲ್ಲಿ ಎರಡು ಡಿಗ್ರಿ ಒಲೆಯ ಮೇಲೆಯೇ ಕಡಮೆಯಾಯಿತು. ಅಲ್ಲಿಂದ ಮುಂದಿನದು ನಮ್ಮ ಕೈಯ ಕೆಲಸ.

ಒಂದು ಲೀಟರು ನೀರನ್ನು 95 ಡಿಗ್ರಿಯಲ್ಲಿ ಇಳಿಸಿ, 25 ಡಿಗ್ರಿಯಲ್ಲಿರುವ ಬರಿಯ ಪಾತ್ರೆಗೆ ಹೊಯ್ದೆವೆನ್ನೋಣ. ಪಾತ್ರೆಯೂ ನೀರಿನಷ್ಟೇ ಬಿಸಿಯಾಗಬೇಕಷ್ಟೆ. ಅದಕ್ಕೆ ಬೇಕಾದ ಶಾಖವನ್ನು ನೀರೇ ತೆರಬೇಕು. ಪಾತ್ರೆಯ ತೂಕವನ್ನು ಅದರ ಲೋಹದ ವಿಶಿಷ್ಟೋಷ್ಣದಿಂದ ಗುಣಿಸಿದರೆ ಅದು ಎಷ್ಟು ಗ್ರಾಮು ನೀರಿಗೆ ಸಮವೆಂಬುದು ತಿಳಿಯುತ್ತದೆ. ಇದನ್ನು ಜಲಸಮಾನವೆಂದು ಕರೆಯುವುದುಂಟು. ಅರ್ಧ ಕಿಲೊ ತೂಕದ ಸ್ಟೀಲಿನ ಪಾತ್ರೆಯ ಜಲಸಮಾನ 60 ಗ್ರಾಮು. ನೀರು 91 ಡಿಗ್ರಿಗೆ ಇಳಿಯುತ್ತದೆ. ಒಂದೂವರೆ ಕಿಲೊ ತೂಗುವ ಹಳೆಯ ಹಿತ್ತಾಳೆಯ ಪಾತ್ರೆಯಾದರೆ ಜಲಸಮಾನ 135 ಗ್ರಾಮು; ನೀರು 87 ಡಿಗ್ರಿಗೆ ಬರುತ್ತದೆ. ಎರಡು ಕಿಲೊ ತೂಕದ ಮಣ್ಣಿನ ಮಡಕೆಯಾದರೋ ಜಲಸಮಾನ ಸುಮಾರು 400 ಗ್ರಾಮು. ಮಡಕೆಯ ಗೋಡೆಯೆಲ್ಲ ಕಾಯುವ ಹೊತ್ತಿಗೆ ನೀರು 75 ಡಿಗ್ರಿಗೆ ಕುಸಿದಿರುತ್ತದೆ. ಲೋಹ ಶಾಖವನ್ನು ಬೇಗ ಹೊರಕ್ಕೆ ಬಿಡುತ್ತದೆ, ಮಣ್ಣು ಹಿಡಿದಿಟ್ಟುಕೊಳ್ಳುತ್ತದೆಯೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಮಡಕೆಯು ಮೊದಲು ತನ್ನ ಪಾಲನ್ನು ತೆಗೆದುಕೊಂಡ ಮೇಲೆ ಉಳಿದುದನ್ನು ಕಾಪಾಡುತ್ತದೆ. ಆ ಮೊದಲ ಪಾಲು ಎಷ್ಟು ದೊಡ್ಡದೆಂಬುದನ್ನು ನಾವು ಮರೆಯುತ್ತೇವೆ.

ಇದಕ್ಕೆ ಪರಿಹಾರ ಎಷ್ಟು ಸುಲಭವೆಂದರೆ ಹೇಳುವುದಕ್ಕೂ ಸಂಕೋಚವಾಗುತ್ತದೆ. ನೀರು ಕಾಯುತ್ತಿರುವಾಗಲೇ ಬರಿಯ ಪಾತ್ರೆಯನ್ನು ಒಲೆಯ ದಂಡೆಯ ಮೇಲೆ ಬೋರಲು ಹಾಕಿದರೆ, ಇಲ್ಲವೆ ಒಂದು ಚೊಂಬು ಬಿಸಿನೀರನ್ನು ಅದರಲ್ಲಿ ಅಲುಗಿಸಿ ಮತ್ತೆ ಹಂಡೆಗೇ ಸುರಿದರೆ ಆಯಿತು. ಫ್ಲಾಸ್ಕಿಗೆ ಕಾಫಿ ತುಂಬುವ ಮುನ್ನ ಅದನ್ನು ಬಿಸಿನೀರಿನಿಂದ ತೊಳೆಯುವ ಮನೆಗಳುಂಟು. ಅವರು ತಿಳಿದೋ ತಿಳಿಯದೆಯೋ ಜಲಸಮಾನದ ಲೆಕ್ಕವನ್ನೇ ಮಾಡುತ್ತಿದ್ದಾರೆ.

ಪಾತ್ರೆಗಿಂತ ದೊಡ್ಡ ಕಳ್ಳ ಆವಿ. ಒಂದು ಗ್ರಾಮು ನೀರು ಆವಿಯಾಗಬೇಕಾದರೆ ಸುಮಾರು 540 ಕ್ಯಾಲೊರಿ ಶಾಖ ಬೇಕು. (ಈಗಿನ ಪಠ್ಯಗಳು ಜೂಲ್ ಎಂಬ ಮಾನವನ್ನು ಬಳಸುತ್ತವೆ, 1 ಕ್ಯಾಲೊರಿಯೆಂದರೆ ಸುಮಾರು 4.2 ಜೂಲ್. ನೀರಿನ ಲೆಕ್ಕಕ್ಕೆ ಕ್ಯಾಲೊರಿಯೇ ಸುಗಮವಾದುದರಿಂದ ನಾವು ಅದನ್ನು ಬಿಟ್ಟಿಲ್ಲ.) ಆ ಶಾಖವನ್ನು ಕೊಡುವುದು ಉಳಿದ ನೀರು. ಹಾಗಾಗಿ ಒಂದು ಲೀಟರಿನಲ್ಲಿ ಹತ್ತು ಗ್ರಾಮು, ಎಂದರೆ ನೂರರಲ್ಲಿ ಒಂದೇ ಒಂದು ಪಾಲು, ಆವಿಯಾಗಿ ಹೋದರೂ ಮಿಕ್ಕ ನೀರಿನ ಉಷ್ಣತೆ ಸುಮಾರು ಐದೂವರೆ ಡಿಗ್ರಿ ಇಳಿಯುತ್ತದೆ. ಹತ್ತು ಗ್ರಾಮು ನೀರೆಂದರೆ ಎರಡು ಚಮಚ. ಅಷ್ಟು ಹೋದುದು ಕಣ್ಣಿಗೆ ಕಾಣುವುದೇ ಇಲ್ಲ.

ಬಿಸಿ ಹೆಚ್ಚಿದಷ್ಟೂ ಈ ಸೋರಿಕೆಯ ವೇಗ ಬಹುಬೇಗ ಏರುತ್ತದೆ. ನೀರಿನ ಆವಿಯ ಒತ್ತಡ 60 ಡಿಗ್ರಿಯಲ್ಲಿ 149 ಮಿಲಿಮೀಟರು ಪಾದರಸದಷ್ಟಿದ್ದರೆ 80 ಡಿಗ್ರಿಯಲ್ಲಿ 355, 90 ಡಿಗ್ರಿಯಲ್ಲಿ 526. ಆದುದರಿಂದ 90 ಡಿಗ್ರಿಯ ನೀರನ್ನು ತೆರೆದ ಪಾತ್ರೆಯಲ್ಲಿ ಅಂಗಳ ದಾಟಿಸುವುದು 60 ಡಿಗ್ರಿಯ ನೀರನ್ನು ದಾಟಿಸುವುದಕ್ಕಿಂತ ಎಷ್ಟೋ ಪಾಲು ನಷ್ಟದ ಕೆಲಸ. ಎತ್ತರದಿಂದ ತೆಳುವಾದ ಧಾರೆಯಾಗಿ ಹೊಯ್ದರೆ ನೀರಿನ ಮೈ ವಿಸ್ತಾರವಾಗಿ ಗಾಳಿಗೆ ಒಡ್ಡಿಕೊಳ್ಳುತ್ತದೆ. ಲೋಟದಿಂದ ಬಟ್ಟಲಿಗೆ ಕಾಫಿಯನ್ನು ಎತ್ತೆತ್ತಿ ಹೊಯ್ದು ಆರಿಸುವ ಹೋಟೆಲಿನ ಮಾಣಿಗೆ ಈ ತತ್ತ್ವ ಚೆನ್ನಾಗಿ ಗೊತ್ತು. ಶಾಖ ಉಳಿಸಬೇಕೆಂಬವರು ಅವನು ಮಾಡುವುದಕ್ಕೆ ವಿರುದ್ಧವಾಗಿ, ಪಾತ್ರೆಯ ಕಂಠಕ್ಕೆ ಕಂಠ ತಾಗಿಸಿ, ಒಂದೇ ಸಲ, ದಪ್ಪ ಧಾರೆಯಾಗಿ ಬಗ್ಗಿಸಬೇಕು. ಚೊಂಬಿನಿಂದ ಇಪ್ಪತ್ತು ಸಲ ತೋಡಿ ಹಾಕುವುದರಲ್ಲಿ ಪ್ರತಿಸಲವೂ ಹೊಸ ಮೈ ಗಾಳಿಗೆ ತೆರೆಯುತ್ತದೆ. ಆದರೆ ದೊಡ್ಡ ಹಂಡೆಯನ್ನೇ ಎತ್ತಿ ಬಗ್ಗಿಸಹೋಗಿ ಮೈಮೇಲೆ ಸುರಿದುಕೊಳ್ಳುವ ಅಪಾಯವುಂಟು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲುದು. ಶಾಖ ಹೋದರೆ ಹೋಯಿತು, ಇಂಥ ಕಡೆ ಚೊಂಬೇ ಲೇಸು. ಹಂಡೆಯ ಬುಡಕ್ಕೆ ಒಂದು ನಲ್ಲಿಯಿದ್ದರೆ ಇನ್ನೂ ಲೇಸು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಪರೀಕ್ಷಿಸಬೇಕಾಗಿದೆ. ಜಗಳೂರಿನ ಗಾಳಿ ಒಣ, ನ್ಯಾಮತಿಯ ಮಳೆಗಾಲದ ಗಾಳಿ ತೇವ. ಆದುದರಿಂದ ಬಿಸಿನೀರು ಜಗಳೂರಿನಲ್ಲಿ ಬೇಗ ಆರುತ್ತದೆಯೆಂದು ಯಾರಾದರೂ ಊಹಿಸಬಹುದು. ಲೆಕ್ಕ ಏನು ಹೇಳುತ್ತದೆ? ಬೇಸಗೆಯ ಮಧ್ಯಾಹ್ನ ಒಣಗಾಳಿಯಲ್ಲಿರುವ ಆವಿಯ ಒತ್ತಡ ಹತ್ತು ಮಿಲಿಮೀಟರು, ಮಳೆಗಾಲದ ತೇವದ ಗಾಳಿಯಲ್ಲಿ ಇಪ್ಪತ್ತು ಎಂದಿಟ್ಟುಕೊಳ್ಳೋಣ. ನೀರಿನ 526ರಿಂದ ಹತ್ತನ್ನು ಕಳೆದರೆ 516. ಇಪ್ಪತ್ತನ್ನು ಕಳೆದರೆ 506. ಆವಿಯನ್ನು ಹೊರಕ್ಕೆ ತಳ್ಳುವ ಶಕ್ತಿಯಲ್ಲಿ ನೂರಕ್ಕೆ ಎರಡು ಪಾಲಿನ ವ್ಯತ್ಯಾಸ! ಅದೇ 25 ಡಿಗ್ರಿಯ ಕುಡಿಯುವ ನೀರಿನ ಹೂಜಿಯನ್ನು ನೋಡಿ. ಅದರ ಆವಿಯ ಒತ್ತಡ ಸುಮಾರು 24. ಒಣಗಾಳಿಯಲ್ಲಿ ಅಂತರ 14, ತೇವದ ಗಾಳಿಯಲ್ಲಿ 4. ಆದುದರಿಂದಲೇ ಜಗಳೂರಿನ ಬೇಸಗೆಯಲ್ಲಿ ಹೂಜಿಯ ನೀರು ನಾಲಗೆ ತಣಿಸುವಷ್ಟು ತಂಪಾಗುತ್ತದೆ, ನ್ಯಾಮತಿಯ ಮಳೆಗಾಲದಲ್ಲಿ ಆಗುವುದಿಲ್ಲ. ತಣ್ಣೀರಿಗೆ ಸರಿಯಾದ ನ್ಯಾಯ ಬಿಸಿನೀರಿಗೆ ಸಲ್ಲುವುದಿಲ್ಲ. ಬಿಸಿನೀರಿನ ವಿಷಯದಲ್ಲಿ ಮುಖ್ಯವಾದುದು ಬೀಸುಗಾಳಿ. ನೀರಿನ ಮೇಲೆ ನಿಂತಿರುವ ಆವಿಯ ಪದರವನ್ನು ಅದು ಕ್ಷಣಕ್ಷಣಕ್ಕೂ ಒಯ್ಯುತ್ತಿರುತ್ತದೆ. ಬಯಲಿನ ಹಿತ್ತಲಲ್ಲಿ ಹಂಡೆಯಿಟ್ಟವರಿಗೆ ಒಂದು ಮೋಟುಗೋಡೆಯೂ ಒಂದು ಮುಚ್ಚಳವೂ ಮಾಡುವ ಉಪಕಾರ ದೊಡ್ಡದು.

ಮುಚ್ಚಳದ ಮಾತು ಬಂದಿತು. ಪಾತ್ರೆಯ ತಳದ ಮಾತನ್ನೂ ಆಡಿಬಿಡೋಣ. ಬಿಸಿ ಪಾತ್ರೆಯನ್ನು ಬಚ್ಚಲಿನ ಚಪ್ಪಡಿಕಲ್ಲಿನ ಮೇಲೆ ನೇರವಾಗಿ ಇಟ್ಟರೆ ಕಲ್ಲು ಕೆಳಗಿನಿಂದ ಶಾಖವನ್ನು ಹೀರುತ್ತದೆ. ಹೊನ್ನಾಳಿಯ ಗದ್ದೆಗಳಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ಹುಲ್ಲಿನ ಸಿಂಬೆಯೊಂದನ್ನು ಕೆಳಗಿಟ್ಟರೆ ಅದರ ಸಂದುಸಂದುಗಳಲ್ಲಿ ಸಿಕ್ಕಿಬಿದ್ದ ಗಾಳಿ ಶಾಖವನ್ನು ತಡೆಯುತ್ತದೆ. ಹಿಂದಿನವರು ಸಿಂಬೆಯನ್ನು ಪಾತ್ರೆ ಉರುಳದಿರಲೆಂದು ಇಟ್ಟರೋ ಬಿಸಿ ಆರದಿರಲೆಂದು ಇಟ್ಟರೋ, ಎರಡೂ ಕೆಲಸ ಅದರಿಂದ ಆಗುತ್ತಿತ್ತು. ಸ್ಕಾಟ್ಲೆಂಡಿನ ಜೇಮ್ಸ್ ಡ್ಯೂವರ್ 1892ರಲ್ಲಿ ಎರಡು ಗೋಡೆಗಳ ನಡುವಣ ಗಾಳಿಯನ್ನೂ ತೆಗೆದುಹಾಕಿ ನಿರ್ವಾತ ಪಾತ್ರೆಯನ್ನು ಮಾಡಿದನು. ನಮ್ಮ ಫ್ಲಾಸ್ಕು ಅದರ ಸಂತತಿ.

ಇದೆಲ್ಲ ಸೌದೆಯ ಉಳಿತಾಯದ ಮಾತಾಯಿತು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವುಂಟು. ಕೆಲವು ಕೆಲಸಗಳಿಗೆ ನೀರು ಬಿಸಿಯಾಗಿದ್ದರೆ ಸಾಲದು, ಇಂಥದೇ ಡಿಗ್ರಿಯಲ್ಲಿರಬೇಕು. ಐರೋಪ್ಯರಲ್ಲಿ ಈ ಪಾಠವನ್ನು ಬೇಗ ಕಲಿತವರು ಬಿಯರು ಮಾಡುವವರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ಕಲಸಿಟ್ಟರೆ, ಮೊಳಕೆಯಲ್ಲಿ ಹುಟ್ಟಿದ ಅಮೈಲೇಸು ಎಂಬ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಕೆಲಸ 60ರಿಂದ 70 ಡಿಗ್ರಿಗಳ ಸುಮಾರಿನಲ್ಲಿ ಚುರುಕು. 80 ದಾಟಿದರೆ ಕಿಣ್ವ ಬೇಗ ಕೆಟ್ಟುಹೋಗುತ್ತದೆ. ತೀರ ಕೆಳಗಿಳಿದರೆ ಮಂದ. ಮೈಕೆಲ್ ಕೊಂಬ್ರೂನ್ ಎಂಬ ಇಂಗ್ಲೆಂಡಿನ ಬ್ರೂವರ್ 1758ರಷ್ಟು ಹಿಂದೆಯೇ ಈ ಕೆಲಸದಲ್ಲಿ ಉಷ್ಣಮಾಪಕದ ಬಳಕೆಯ ಬಗ್ಗೆ ಗ್ರಂಥ ಬರೆದನು. ಶಾಖಕ್ಕೂ ಚಲನೆಯ ಕೆಲಸಕ್ಕೂ ಇರುವ ಪ್ರಮಾಣವನ್ನು ಅಳೆದು ತನ್ನ ಹೆಸರನ್ನೇ ಮಾನವಾಗಿ ಬಿಟ್ಟುಹೋದ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818-1889) ಬಿಯರು ತಯಾರಿಸುವ ಮನೆತನದವನು. ಉಷ್ಣತೆಯ ಅತಿಸಣ್ಣ ಅಂತರಗಳನ್ನು ಅಳೆಯುವುದರಲ್ಲಿ ಅವನಿಗಿದ್ದ ಹಟಕ್ಕೆ ಆ ಮನೆತನದ ವೃತ್ತಿಯೂ ಕಾರಣವಾಗಿರಬಹುದೆಂದು ನಮ್ಮ ಊಹೆ.

ಈಗಲೂ ಅನೇಕ ದೇಶಗಳಲ್ಲಿ ಮನೆಯಲ್ಲಿಯೇ ಬಿಯರು ಮಾಡುವ ಹವ್ಯಾಸಿಗಳಿದ್ದಾರೆ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅದನ್ನು ಪ್ರೋತ್ಸಾಹಿಸುವುದು ನಮ್ಮ ಉದ್ದೇಶವಲ್ಲ. ಅವರು ಮಾಡುವ ಲೆಕ್ಕ ಮಾತ್ರ ನಮಗೆ ಬೇಕಾದುದು. ಒಂದು ಕಿಲೊ ಮೊಳಕೆಕಾಳಿನ ನುಚ್ಚಿಗೆ ಮೂರು ಲೀಟರು ನೀರು; ಕಲಸಿದ ಮೇಲೆ 66 ಡಿಗ್ರಿಯಿರಬೇಕು; ನುಚ್ಚು 25 ಡಿಗ್ರಿಯಲ್ಲಿದೆ. ಕಾಳಿನ ವಿಶಿಷ್ಟೋಷ್ಣ ಸುಮಾರು 0.4 ಆದುದರಿಂದ ನೀರು 71.5 ಡಿಗ್ರಿಯಲ್ಲಿರಬೇಕೆಂದು ಲೆಕ್ಕ ಬರುತ್ತದೆ. ಆದರೆ ಕಲಸುವ ಪಾತ್ರೆ ಮೂರು ಕಿಲೊ ಸ್ಟೀಲಿನದಾಗಿ ಅದೂ ತಣ್ಣಗಿದ್ದರೆ ಕಲಸು 62 ಡಿಗ್ರಿಗೇ ನಿಲ್ಲುತ್ತದೆ. ಪಾತ್ರೆಯ ಪಾಲನ್ನೂ ಸೇರಿಸಿ 76 ಡಿಗ್ರಿಗೆ ಸ್ವಲ್ಪ ಮೇಲೆ ನೀರು ಹೊಯ್ಯಬೇಕು, ಇಲ್ಲವೆ ಪಾತ್ರೆಯನ್ನು ಮುಂಚೆಯೇ ಬೆಚ್ಚಗೆ ಮಾಡಿರಬೇಕು. ನಾಲ್ಕು ಡಿಗ್ರಿಯ ವ್ಯತ್ಯಾಸದಿಂದ ಹುಟ್ಟುವ ಸಕ್ಕರೆಗಳ ಬಗೆಯೇ ಬದಲಾಗುತ್ತದೆ. ಹೇಗೂ ಆರುತ್ತದೆಯಲ್ಲ ಎಂದು 90 ಡಿಗ್ರಿಯಲ್ಲಿ ಹೊಯ್ದವನ ಕಿಣ್ವವೆಲ್ಲ ನಾಶವಾಗುತ್ತದೆ.

ಬಾರ್ಲಿ ನಮ್ಮದಲ್ಲ, ಆದರೆ ರಾಗಿ ನಮ್ಮದು. ರಾಗಿಯ ಮೊಳಕೆಯಲ್ಲಿಯೂ ಅಮೈಲೇಸು ಹೇರಳವಾಗಿ ಹುಟ್ಟುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ರಾಗಿಯ ಮಾಲ್ಟಿನ ಮೇಲೆ, ಅದರಲ್ಲಿಯೂ ಎಳೆಯ ಮಕ್ಕಳ ಆಹಾರವಾಗಿ ಅದರ ಉಪಯೋಗದ ಮೇಲೆ, ಬೆಲೆಯುಳ್ಳ ಕೆಲಸ ಮಾಡಿದೆ. ಮಗುವಿನ ಗಂಜಿಯ ತೊಡಕು ಇದು: ಹಿಟ್ಟು ಹೆಚ್ಚು ಹಾಕಿ ಬೇಯಿಸಿದರೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಗಂಜಿ ಮುದ್ದೆಯಂತೆ ಗಟ್ಟಿಯಾಗುತ್ತದೆ, ಮಗು ನುಂಗಲಾರದು. ನೀರು ಹೆಚ್ಚಿಸಿ ತೆಳುವು ಮಾಡಿದರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ, ಬೇಕಾದ ಆಹಾರ ಸೇರುವುದಿಲ್ಲ. ಗಟ್ಟಿಯಾಗಿ ಬೇಯಿಸಿದ ಗಂಜಿ ಸುಮಾರು 70 ಡಿಗ್ರಿಗೆ ಇಳಿದಾಗ ಒಂದು ಚಮಚ ಮೊಳಕೆರಾಗಿಯ ಹಿಟ್ಟನ್ನು ಬೆರೆಸಿ ಕೆಲವು ನಿಮಿಷ ಕಲಕಿದರೆ, ಕಿಣ್ವವು ಪಿಷ್ಟದ ಉದ್ದನೆಯ ಸರಪಣಿಗಳನ್ನು ಕತ್ತರಿಸಿ ಗಂಜಿಯನ್ನು ನೀರಾಗಿಸುತ್ತದೆ. ನೀರು ಸೇರಿಸಿದುದಲ್ಲವಾದುದರಿಂದ ಸಾರ ಒಂದಿಷ್ಟೂ ಕಡಮೆಯಾಗುವುದಿಲ್ಲ. ಮೊಳಕೆಯ ಹಿಟ್ಟಿನಲ್ಲಿ ರೋಗಾಣುಗಳಿರಬಹುದಾದುದರಿಂದ ತೆಳುವಾದ ಮೇಲೆ ಇನ್ನೊಮ್ಮೆ ಒಂದು ಕುದಿ ಬರಿಸುವುದು ಅವಶ್ಯ.

ಇನ್ನು ಪಾತ್ರೆಯ ಲೆಕ್ಕವನ್ನು ಇಲ್ಲಿಗೆ ತನ್ನಿ. 95 ಡಿಗ್ರಿಯಲ್ಲಿರುವ ಅರ್ಧ ಕಿಲೊ ಗಂಜಿಯನ್ನು ಒಂದೂವರೆ ಕಿಲೊ ತೂಕದ, ಕಲಾಯಿ ಹಾಕಿದ ಹಿತ್ತಾಳೆಯ ಪಾತ್ರೆಗೆ ಬಗ್ಗಿಸಿದರೆ ಅದು ಕೂಡಲೇ 79 ಡಿಗ್ರಿಗೆ ಬರುತ್ತದೆ. ನಾಲ್ಕು ಸಲ ಕೈಯಾಡಿಸುವುದರಲ್ಲಿ ಇನ್ನಷ್ಟು ಇಳಿದು ಹಿಟ್ಟು ಹಾಕುವ ಹದ ಸಿಕ್ಕುತ್ತದೆ. ಅದೇ ಗಂಜಿಯನ್ನು ಅರ್ಧ ಕಿಲೊ ತೂಕದ ಸ್ಟೀಲಿನ ಪಾತ್ರೆಗೆ ಬಗ್ಗಿಸಿದರೆ 87 ಡಿಗ್ರಿಯಲ್ಲಿರುತ್ತದೆ; ಆಗ ಹಾಕಿದ ಹಿಟ್ಟು ಸತ್ತಿತು. ಅಜ್ಜಿ ಹೇಳಿಕೊಟ್ಟ ಕ್ರಮದಲ್ಲಿಯೇ ಸೊಸೆ ಮಾಡಿದಳು, ಗಂಜಿ ಮಾತ್ರ ತೆಳುವಾಗಲಿಲ್ಲ. ‘ಅತ್ತೆಯವರ ಕೈಗುಣ ನನಗೆಲ್ಲಿ ಬರಬೇಕು?’ ಎಂದು ಆಕೆ ನೊಂದುಕೊಳ್ಳಬಹುದು. ಆ ಕೈಗುಣದಲ್ಲಿ ಒಂದು ಕಿಲೊ ಹಿತ್ತಾಳೆಯ ಪಾಲೂ ಇದ್ದಿರಬಹುದಲ್ಲವೆ! ಶಾಖದ ನಷ್ಟವು ಇಲ್ಲಿ ಕಳ್ಳನಾಗಿರದೆ ಸಹಾಯಕನಾಗುತ್ತದೆ, ಅದರ ಅಳತೆ ಗೊತ್ತಿದ್ದರೆ. ಮಕ್ಕಳ ಆಹಾರದ ವಿಷಯದಲ್ಲಿ ತಾಯಂದಿರಿಗೆ ಸಲಹೆ ಕೊಡುವವರು ‘ಬಿಸಿಯಿರುವಾಗ ಬೆರೆಸಿ’ ಎಂದು ಹೇಳಿ ಸುಮ್ಮನಾಗುವುದು ತಕ್ಕುದಲ್ಲ. ಯಾವ ಪಾತ್ರೆಯಲ್ಲಿ, ಎಷ್ಟು ಹೊತ್ತಿನ ಮೇಲೆ, ಎಷ್ಟು ಡಿಗ್ರಿಯಲ್ಲಿ ಎಂಬುದನ್ನು ಹೇಳಬೇಕು. ಸಾಧ್ಯವಾದ ಕಡೆ ಉಷ್ಣಮಾಪಕವನ್ನೇ ಅದ್ದಿ ತೋರಿಸಬೇಕು. ಪೇಟೆಯಲ್ಲಿ ಸಿಕ್ಕುವ ಅನೇಕ ರಾಗಿಹಿಟ್ಟುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮೊಳಕೆ ಬರಿಸಿದ ರಾಗಿಯನ್ನು ಘಮಘಮಿಸುವಂತೆ ಹುರಿದುಬಿಟ್ಟರೆ ರುಚಿ ಬರುತ್ತದೆ, ಕಿಣ್ವ ಉಳಿಯುವುದಿಲ್ಲ.

ಇನ್ನು ಚನ್ನಗಿರಿಯ ಅಡಿಕೆ. ಹಸಿ ಅಡಿಕೆಯನ್ನು ಸುಲಿದು ದೊಡ್ಡ ಹಂಡೆಗಳಲ್ಲಿ ಬೇಯಿಸುವುದನ್ನು ಈ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಹಿಂದಿನ ಬೇಯಿಕೆಗಳ ಚೊಗರನ್ನೇ ಮುಂದಿನದಕ್ಕೂ ಬಳಸುತ್ತಾರೆ. ನೀರು ಇಂಗಿದ ಹಾಗೆಲ್ಲ ತಣ್ಣೀರನ್ನು ತಂದು ಸುರಿಯುತ್ತಾರೆ. ಕುದಿಯುತ್ತಿರುವ 180 ಲೀಟರಿಗೆ 25 ಡಿಗ್ರಿಯ 20 ಲೀಟರು ತಣ್ಣೀರು ಬಿದ್ದರೆ ಹಂಡೆ 91 ಡಿಗ್ರಿಗೆ ಇಳಿದು ಕುದಿ ನಿಲ್ಲುತ್ತದೆ. ಆ 20 ಲೀಟರನ್ನು ಮತ್ತೆ ಕುದಿಗೆ ತರಲು ಬೇಕಾದುದು ಸುಮಾರು 1,460 ಕಿಲೊಕ್ಯಾಲೊರಿ. ಹೊಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹಂಡೆಯನ್ನು ಕೂರಿಸಿ ಸೇರಿಸುವ ನೀರನ್ನು ಅಲ್ಲಿ ಬೆಚ್ಚಗೆ ಮಾಡಿಕೊಂಡರೆ ಇದರಲ್ಲಿ ಅರ್ಧವಾದರೂ ಬಿಟ್ಟಿಯಾಗಿ ದೊರೆಯುತ್ತದೆ. ಆದರೆ ನಿಜವಾದ ಸೋರಿಕೆ ಬೇರೆ ಕಡೆ ಇದೆ. ಆ 20 ಲೀಟರು ಹೋದುದಾದರೂ ಎಲ್ಲಿಗೆ? ಆವಿಯಾಗಿ. ಅದಕ್ಕೆ ತಗುಲಿದ ಶಾಖ 10,800 ಕಿಲೊಕ್ಯಾಲೊರಿ! ಒಂದು ಕಿಲೊ ಒಣ ಸೌದೆ ಸುಮಾರು 4,000 ಕಿಲೊಕ್ಯಾಲೊರಿ ಕೊಡುತ್ತದೆ. ಒಲೆಯು ಅದರಲ್ಲಿ ಐದನೆಯ ಒಂದು ಪಾಲನ್ನು ಮಾತ್ರ ಹಂಡೆಗೆ ಮುಟ್ಟಿಸಿದರೆ, ಬರಿಯ ಆವಿಗಾಗಿ ಹದಿಮೂರು ಕಿಲೊಗೂ ಮೀರಿ ಸೌದೆ ಉರಿಯಿತು.

ಚೊಗರು ಗಟ್ಟಿಯಾಗಬೇಕಾದರೆ ಸ್ವಲ್ಪ ನೀರು ಆವಿಯಾಗಲೇಬೇಕೆಂದು ಬೆಳೆಗಾರರು ಹೇಳುವರು. ಆ ಮಾತಿನಲ್ಲಿ ನ್ಯಾಯವಿದೆ. ಆದರೆ ಗಟ್ಟಿಯಾಗಲೆಂದು ಆವಿಯಾಗಿಸಿ, ಒಡನೆಯೇ ನೀರು ಸುರಿದು ತೆಳುವು ಮಾಡುವುದಕ್ಕೆ ಆ ಸಮಾಧಾನ ಒಪ್ಪುವುದಿಲ್ಲ. ಕೊತಕೊತನೆ ಕುದಿಯುವ ನೀರೂ ಮೆಲ್ಲಗೆ ಕುದಿಯುವ ನೀರೂ ಒಂದೇ 98 ಡಿಗ್ರಿಯಲ್ಲಿರುತ್ತವೆ. ಉರಿ ಹೆಚ್ಚಿಸಿದರೆ ಅಡಿಕೆ ಬೇಗ ಬೇಯುವುದಿಲ್ಲ, ಆವಿ ಹೆಚ್ಚುತ್ತದೆ. ಗ್ಲಾಸ್ಗೋದಲ್ಲಿದ್ದ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿಯೇ ಇದನ್ನು ಕಂಡುಹಿಡಿದು ಗುಪ್ತೋಷ್ಣವೆಂದು ಹೆಸರಿಟ್ಟನು. ಎಷ್ಟೇ ಉರಿ ಹಾಕಿದರೂ ಕುದಿಯುವ ನೀರಿನ ಉಷ್ಣತೆ ಏರದಿರುವುದನ್ನು ಎಲ್ಲರೂ ನೋಡಿದ್ದರು. ಏರದ ಆ ಶಾಖ ಎಲ್ಲಿ ಅಡಗಿತೆಂದು ಕೇಳಿ ಅಳೆದವನು ಅವನು.

ಸ್ನಾನದ ನೀರಿನಲ್ಲಿ ಉಳಿತಾಯ ಎಷ್ಟಾದೀತೆಂದು ಸಂಶಯಪಡುವವರುಂಟು. ಗ್ಯಾಸಿನ ಒಲೆಯ ಮೇಲೆ ಒಂದು ಲೀಟರು ನೀರನ್ನು ಕುದಿಸಲು ಬೇಕಾದುದು ಹನ್ನೊಂದು ಗ್ರಾಮಿನಷ್ಟು ಗ್ಯಾಸು. ಹೊಯ್ಯುವಾಗ ಅದರ ಹತ್ತನೆಯ ಒಂದು ಪಾಲು ಹೋಯಿತೆಂದರೆ ಒಂದು ಗ್ರಾಮು. ಇದಕ್ಕಾಗಿ ಯಾರನ್ನೂ ನಾವು ನಿಂದಿಸಲಾರೆವು. ಸೌದೆಯ ಒಲೆಯ ಮೇಲಿನ 40 ಲೀಟರಿನ ಹಂಡೆಯ ಕಥೆ ಬೇರೆ. ನೂರಕ್ಕೆ ಹತ್ತು ಪಾಲು ಶಾಖವನ್ನಷ್ಟೇ ನೀರಿಗೆ ಮುಟ್ಟಿಸುವ ಮೂರು ಕಲ್ಲಿನ ಒಲೆಯಲ್ಲಿ, ಬಕೆಟ್ಟಿನಿಂದ ಕಳೆದ ಒಂದು ಕ್ಯಾಲೊರಿಗೆ ಪ್ರತಿಯಾಗಿ ಹತ್ತು ಕ್ಯಾಲೊರಿಯ ಸೌದೆಯನ್ನು ಹೊರಬೇಕು, ಅಷ್ಟರ ಹೊಗೆಯನ್ನೂ ಕುಡಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕಾರ್ಯಕ್ರಮದವರು ರೂಪಿಸಿದ ಒಲೆ ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿಸಿ, ಒಂದೇ ಉರಿಯಲ್ಲಿ ಮೂರು ಪಾತ್ರೆಗಳನ್ನು ಕಾಯಿಸಿ, ಸೌದೆಯನ್ನು ಬಹಳವಾಗಿ ಉಳಿಸಿತು. ಒಲೆಯ ಸುಧಾರಣೆಗೆ ಅಷ್ಟು ಬುದ್ಧಿ ವ್ಯಯವಾಗಿರುವಾಗ, ಒಲೆಯಿಂದ ಈಚೆಗೆ ಮುಚ್ಚಳವಿಲ್ಲದೆ ಕಳೆಯುವುದು ನಮಗೆ ಸರಿದೋರುವುದಿಲ್ಲ. ನೀರನ್ನು ಕುದಿಸಿ ಅನಂತರ ತಣ್ಣೀರು ಬೆರೆಸುವ ಪದ್ಧತಿಯೂ ಹಾಗೆಯೇ. ಹತ್ತು ಲೀಟರು ಕುದಿನೀರು, ಹತ್ತು ಲೀಟರು ತಣ್ಣೀರು ಸೇರಿ ಇಪ್ಪತ್ತು ಲೀಟರು 61 ಡಿಗ್ರಿಗೆ ಬರುತ್ತದೆ. ಇಪ್ಪತ್ತನ್ನೂ ಒಟ್ಟಿಗೆ 61ಕ್ಕೆ ಕಾಯಿಸಿದ್ದರೆ ಒಳಗೆ ಸೇರಿದ ಶಾಖ ಅಷ್ಟೇ, ದಾರಿಯಲ್ಲಿ ಹೋದುದು ಬಹು ಕಡಿಮೆ. ಹೊರುವ ಭಾರ ಇಮ್ಮಡಿಯಾಗುವುದೆಂಬ ತೊಂದರೆಯುಂಟು; ಒಲೆಯ ಪಕ್ಕದಲ್ಲಿಯೇ ಬಚ್ಚಲಿರುವ ಮನೆಗೆ ಆ ತೊಂದರೆಯೂ ಇಲ್ಲ.

ಈಗ ಅನೇಕ ಮನೆಗಳ ಮಾಳಿಗೆಗೆ ಸೂರ್ಯಶಾಖದ ನೀರೊಲೆಗಳು ಬಂದಿವೆ. ಅಲ್ಲಿ ನೀರನ್ನು ಹೊತ್ತು ತರುವುದು ಕೊಳವೆ. ಒಳಗಣ ವ್ಯಾಸ 15 ಮಿಲಿಮೀಟರಿರುವ ಕೊಳವೆ ಮಾಳಿಗೆಯಿಂದ ಬಚ್ಚಲಿಗೆ 15 ಮೀಟರು ಹಾದುಬಂದರೆ ಅದರಲ್ಲಿ ಎರಡೂವರೆ ಲೀಟರಿಗೂ ಮಿಕ್ಕಿ ನೀರು ನಿಂತಿರುತ್ತದೆ. ರಾತ್ರಿಯೆಲ್ಲ ಆರಿದ ಆ ನೀರನ್ನು ಬೆಳಗ್ಗೆ ಚರಂಡಿಗೆ ಬಿಟ್ಟ ಮೇಲೆಯೇ ಬಿಸಿನೀರು ಬರುತ್ತದೆ. ಮೂವರು ಬೇರೆಬೇರೆ ಹೊತ್ತಿನಲ್ಲಿ ಸ್ನಾನ ಮಾಡುವ ಮನೆಯಲ್ಲಿ ವರ್ಷಕ್ಕೆ ಮೂರು ಸಾವಿರ ಲೀಟರಿನ ಸಮೀಪ ಹೀಗೆ ಹೋಗುತ್ತದೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಇದನ್ನು ಸಹಿಸಬಹುದೇನೋ. ಮಳೆ ಕೈಕೊಡುವ ಜಗಳೂರಿನಲ್ಲಿ ಇದು ಶಾಖದ ಪ್ರಶ್ನೆಗಿಂತ ನೀರಿನ ಪ್ರಶ್ನೆ. ನೀರೊಲೆಯನ್ನು ಬಚ್ಚಲಿನ ನೇರಕ್ಕೆ ಮೇಲಿಡುವುದು, ಕೊಳವೆಗೆ ಹೊದಿಕೆ ಸುತ್ತುವುದು, ಒಬ್ಬರಾದ ಕೂಡಲೇ ಇನ್ನೊಬ್ಬರು ಸ್ನಾನಕ್ಕೆ ಹೋಗುವುದು, ಮೊದಲು ಬರುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾತ್ರೆ ತೊಳೆಯುವುದಕ್ಕೆ ಬಳಸುವುದು, ಇವುಗಳಲ್ಲಿ ಕೊನೆಯದಕ್ಕೆ ಕಾಸಿನ ಖರ್ಚಿಲ್ಲ.

ಪ್ರಯೋಗಶಾಲೆಯಲ್ಲಿ ತಾಮ್ರದ ಕ್ಯಾಲೊರಿಮೀಟರಿನೊಳಕ್ಕೆ ಬಿಸಿ ಲೋಹದ ಗುಂಡನ್ನು ಇಳಿಸುವ ಪ್ರಯೋಗವನ್ನು ಬಿಟ್ಟುಬಿಡಿರೆಂದು ನಾವು ಅಧ್ಯಾಪಕರನ್ನು ಕೇಳುವುದಿಲ್ಲ. ಅದರೊಡನೆ ಇದನ್ನೂ ಮಾಡಿಸಲಿ. ಒಂದು ತಕ್ಕಡಿ, ಒಂದು ಗಡಿಯಾರ, ನೂರು ಡಿಗ್ರಿಯವರೆಗೆ ತೋರುವ ಒಂದು ಉಷ್ಣಮಾಪಕ, ಮನೆಯಿಂದ ತಂದ ಎರಡು ಪಾತ್ರೆಗಳು ಸಾಕು. ಅಧ್ಯಾಪಕರೇ ನೀರನ್ನು ಹೊಯ್ಯಲಿ, ವಿದ್ಯಾರ್ಥಿಗಳು ಅಳೆಯಲಿ. ಒಂದು ಕಿಲೊ ಬಿಸಿನೀರನ್ನು ಒಮ್ಮೆ ತಣ್ಣನೆಯ ಪಾತ್ರೆಗೆ, ಒಮ್ಮೆ ಬೆಚ್ಚಗೆ ಮಾಡಿದ ಪಾತ್ರೆಗೆ, ಒಮ್ಮೆ ಮೊಳದೆತ್ತರದಿಂದ, ಒಮ್ಮೆ ಕಂಠಕ್ಕೆ ಕಂಠ ತಾಗಿಸಿ ಹೊಯ್ದು, ಪ್ರತಿಸಲವೂ ಮೊದಲ ಮತ್ತು ಕೊನೆಯ ಉಷ್ಣತೆಯನ್ನೂ ತೂಕವನ್ನೂ ಬರೆದುಕೊಳ್ಳಬೇಕು. ಪಾತ್ರೆಯ ಪಾಲನ್ನು ಜಲಸಮಾನದಿಂದ ಲೆಕ್ಕಹಾಕಿ ಕಳೆಯಬೇಕು. ಕಡಮೆಯಾದ ತೂಕವನ್ನು 540ರಿಂದ ಗುಣಿಸಿ ಆವಿಯ ಪಾಲನ್ನು ಕಳೆಯಬೇಕು. ಆಮೇಲೂ ಮಿಕ್ಕಿದ ಒಂದೆರಡು ಡಿಗ್ರಿಯನ್ನು ಯಾರ ತಲೆಗೆ ಕಟ್ಟುವುದೆಂದು ತರಗತಿಯಲ್ಲಿ ಜಗಳವಾಗುತ್ತದೆ. ಗಾಳಿಯ ಸಂವಹನವೋ, ವಿಕಿರಣವೋ, ಪಾತ್ರೆಯ ಹೊರಕ್ಕೆ ಸಿಡಿದು ತೂಕದಲ್ಲಿ ಮಾತ್ರ ಕಡಮೆಯಾದ ಹನಿಯೋ, ಕಲ್ಲಿನ ಮೇಜೋ, ಉಷ್ಣಮಾಪಕವನ್ನು ಓದುವುದರಲ್ಲಿ ತಡವಾದುದೋ? ಆ ಜಗಳವನ್ನು ಅಧ್ಯಾಪಕರು ಅವಸರದಿಂದ ತೀರಿಸದಿರಲಿ.